ತೆಂಗಿನಡಿಯ ಒಂಟೆ

ವಾರಪತ್ರಿಕೆಯ ಕೊನೆಯ ಪುಟದಲ್ಲಿ ಬರುತ್ತಿದ್ದ
ಎಡಗೈ ಕೇತ.
ಕೋಟೆ ಬಾಗಿಲಲ್ಲಿ ಒಡಹುಟ್ಟಿದ ಅಣ್ಣನೇ
ಬಲಗೈ ಕಡಿದ ಮೇಲೆ
ಎಡಗೈಯಲ್ಲಿ ಕತ್ತಿ ಕಲಿತವನು.
ಪತ್ರಿಕೆ ನಿಂತಿತು. ಕತೆ ಅರ್ಧಕ್ಕೆ.
ಆಗ ನನಗೆ ಹನ್ನೊಂದು, ಈಗ ನಲವತ್ತಾರು.
ಸಲಾಲಾ ಬಂದರಿನ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ಬರೆಯುತ್ತೇನೆ,
ಮೈನಸ್ ಹದಿನೆಂಟು.
ಹೊರಬಂದು ಬೆರಳಿಗೆ ಜೀವ ಮರಳಿದೊಡನೆ
ಕೇತನನ್ನು ಬರೆಯುತ್ತೇನೆ,
ಅವನ ಕಾಲದಲ್ಲಲ್ಲ, ಅವನ ಕೋಟೆಯಲ್ಲಲ್ಲ,
ಇಲ್ಲಿ.

ಓದುವವಳು ಒಬ್ಬಳೇ:
ದಹಾರೀಜಿನ ರಸ್ತೆ ಬದಿ, ಗಂಡನ ಬೊಂಡದಂಗಡಿಯಲ್ಲಿ
ಮಧ್ಯಾಹ್ನ ಕೂರುವ ಮೈಮೂನಾ.
ಉಪ್ಪಿನಂಗಡಿಯಲ್ಲಿ ಹತ್ತನೆಯವರೆಗೆ ಕನ್ನಡ ಮೀಡಿಯಂ.
ಕೈಯಲ್ಲಿ ಕತ್ತಿ ಇರುವ ವಿಮರ್ಶಕಿ.

ಮೊದಲ ಕತೆಯ ಎರಡನೇ ಪುಟಕ್ಕೆ ಹೋಗಲೇ ಇಲ್ಲ ಅವಳು.
'ಕುದುರೆ ಇದ್ದಲ್ಲಿ ಪಿಕಪ್ಪು,
ಅರಮನೆ ಇದ್ದಲ್ಲಿ ಲೇಬರ್ ಕ್ಯಾಂಪು,
ರಾಜ ಇದ್ದಲ್ಲಿ ಅರಬಾಬು.
ಮತ್ತೆ ಅದೇ ಶಪಥ, ಅದೇ ಹುಣ್ಣಿಮೆ, ಅದೇ ಯುದ್ಧ.
ಇದು ಬೇರೆ ಲೋಕ ಅಲ್ಲ ಪದ್ಮಾಕ್ಷಣ್ಣ,
ಹಳೇ ಬೊಂಡಕ್ಕೆ ಹೊಸ ಸ್ಟಿಕ್ಕರು.'

ಎರಡನೆಯದರಲ್ಲಿ ಲೋಕವನ್ನೇ ಕಟ್ಟಿದೆ, ಹನ್ನೆರಡು ಪುಟ:
ವೀಸಾದ ನಿಯಮ, ಕ್ರೇನಿನ ಎತ್ತರ,
ಖರೀಫಿನ ಮಂಜು ಯಾವ ತಾರೀಕಿಗೆ ಬೆಟ್ಟ ಇಳಿಯುತ್ತದೆ.
ಹದಿಮೂರರಲ್ಲಿ ಕೇತ ಬಂದು ಚಾ ಕುಡಿದು ಹೋದ.
'ಡ್ರೈವಿಂಗ್ ಲೈಸೆನ್ಸಿಗೆ ಓದಿದ ಹಾಗಾಯ್ತು' ಅಂದಳು.

ಮೂರನೆಯದರ ಹೊತ್ತಿಗೆ ನನಗೆ ಕನಿಕರ ಬಂದಿತ್ತು.
ಅವನ ಬಲಗೈ ವಾಪಸು ಕೊಟ್ಟೆ.
ಅಣ್ಣನಿಗೆ ಒಳ್ಳೆ ಬುದ್ಧಿ ಕೊಟ್ಟೆ.
ಇಬ್ಬರೂ ರೈಸೂತಿನಲ್ಲಿ ಟೈರಿನಂಗಡಿ ಇಟ್ಟರು,
ಒಂದೇ ತಟ್ಟೆಯಲ್ಲಿ ಉಂಡರು.
ಮೈಮೂನಾ ಬಹಳ ಹೊತ್ತು ಸುಮ್ಮನೆ ಬೊಂಡ ಕೆತ್ತಿದಳು.
'ಒಳ್ಳೆಯವರೇ. ಆದರೆ ಇವನು ಯಾರು?
ಎರಡು ಕೈಯವರು ಈ ಊರಲ್ಲಿ ಎಷ್ಟು ಜನ ಇಲ್ಲ!
ಕೈ ಕೊಡುವುದಾದರೆ ಕೊಡಿ,
ಅದಕ್ಕೆ ಅವನಿಂದ ಏನು ತಕ್ಕೊಂಡಿರಿ
ಅದನ್ನೂ ಬರೆಯಿರಿ.'

ನಾಲ್ಕನೆಯದನ್ನು ತೋರಿಸಲಿಲ್ಲ.
ಅದರಲ್ಲಿ ಕೇತನಿಗೊಬ್ಬ ಪ್ರಾಣಸ್ನೇಹಿತ,
ಏಳು ಭಾಷೆ ಬಲ್ಲವನು,
ಹಡಗಿನ ಕಪ್ತಾನರೂ ಸಲಹೆ ಕೇಳುವಂಥವನು,
ತಲೆಗೂದಲು ಒಂದೂ ಉದುರದವನು.
ಹೆಸರು ಪದ್ಮನೇತ್ರ.
ಆ ನೋಟ್‌ಬುಕ್ಕು ಈಗಲೂ
ಬಂಗುಡೆ ಪೆಟ್ಟಿಗೆಗಳ ಹಿಂದೆ ಹೆಪ್ಪುಗಟ್ಟಿದೆ.

ಜುಲೈ ಬಂತು. ಜಿನುಗು.
ಅಂಗಡಿಯ ಹಿಂದೆ ತೆಂಗಿನ ಸಾಲು, ಬಾಳೆ, ಒದ್ದೆ ಮಣ್ಣು,
ಕಣ್ಣು ಮುಚ್ಚಿದರೆ ಪಡುಬಿದ್ರೆ.
ಇನ್ನು ಬರೆಯುವುದಿಲ್ಲ ಎಂದು ಹೇಳಲು ಬಾಯಿ ತೆರೆದಿದ್ದೆ.
ಆ ತೆಂಗುಗಳ ನಡುವಿನಿಂದ
ಒಂಟೆಯೊಂದು ಎದ್ದು ಬಂತು.
ತಾನು ಯಾಕಿಲ್ಲಿ ಎಂದು ಯಾರಿಗೂ ವಿವರಿಸಲಿಲ್ಲ.
ರಸ್ತೆ ನಡುವೆ ನಿಂತಿತು. ಕಾರುಗಳೂ ನಿಂತವು.
ಮೆಲುಕು ಹಾಕಿತು.

ಮೈಮೂನಾ ಕತ್ತಿಯ ಮೊನೆಯಲ್ಲಿ ತೋರಿಸಿದಳು:
'ತೆಂಗು ನಮ್ಮದೇ. ಮಳೆ ಹೆಚ್ಚುಕಡಿಮೆ ನಮ್ಮದೇ.
ಅದೊಂದು ಮಾತ್ರ ಇಲ್ಲಿಯದು.
ಅದು ಬಂದ ಮೇಲೆ ನೋಡಿ,
ತೆಂಗೂ ಬೇರೆ ಕಾಣುತ್ತದೆ.'

ಆ ರಾತ್ರಿ ಐದನೆಯದು. ಒಂದೇ ಪುಟ.
ಕೋಲ್ಡ್ ಸ್ಟೋರೇಜಿನ ಗೇಟು, ಮುಂಜಾವ ಐದು.
ಹಾಜರಿ ಯಂತ್ರ ಹೇಳುತ್ತದೆ: ಬಲಗೈ ಹೆಬ್ಬೆಟ್ಟು ಒತ್ತಿ.
ಕೇತ ನಿಂತಿದ್ದಾನೆ.
ಯಂತ್ರ ಮತ್ತೆ ಹೇಳುತ್ತದೆ.
ಸಾಲಿನಲ್ಲಿ ಹಿಂದೆ ಯಾರೋ ಕೆಮ್ಮುತ್ತಾರೆ,
ತೊಟ್ಟಿಲಲ್ಲಿದ್ದಾಗಿಂದ ಅವನು ಕೇಳಿದ ಕೆಮ್ಮು.
ಅವನ ಭುಜದ ಮೇಲಿಂದ
ಒಂದು ಬಲಗೈ ಯಂತ್ರದತ್ತ ಚಾಚುತ್ತದೆ.

ಮೈಮೂನಾ ಓದಿದಳು.
ರಸ್ತೆಯಲ್ಲಿ ಕಾರೊಂದು ಹಾರ್ನ್ ಹೊಡೆಯುತ್ತಿತ್ತು,
ಕಿಟಕಿಯಿಂದ ನಾಲ್ಕು ಬೆರಳು, ನಾಲ್ಕು ಬೊಂಡ.
ಅವಳು ತಲೆಯೆತ್ತಲಿಲ್ಲ.
ಹಾಳೆ ಮಗುಚಿ
ಹಿಂದೇನಾದರೂ ಬರೆದಿದೆಯೇ ಎಂದು ನೋಡಿದಳು.